ಗುಂಡಿಗೆ ಅಂಜದವನು ‘ಒಲ್ಲೆ’ಗೆ ಅಂಜಿದ

ಮುಂದೆ ಕಡಲು, ಹಿಂದೆ ಕಾಡು, ನಡುವೆ ಬೆರಳೆಣಿಕೆಯ ಮರದ ಮನೆಗಳು. ಅಂಥ ಒಂದು ಮನೆಯೊಳಗೆ ಇಬ್ಬರು ಗಂಡಸರಿದ್ದಾರೆ. ಒಬ್ಬ ಕುಳ್ಳಗಿನ, ಗಟ್ಟಿ ಮೈಕಟ್ಟಿನ ಕ್ಯಾಪ್ಟನ್. ಕೆಂಚು ಗಡ್ಡದಲ್ಲಿ ಆಗಲೇ ಅಲ್ಲಲ್ಲಿ ನರೆ. ಗೋಡೆಗೆ ತೂಗುಹಾಕಿದ ತನ್ನ ಕತ್ತಿ, ಕವಚ, ಬಂದೂಕುಗಳನ್ನು ತೋರಿಸುತ್ತ, ಪರಾಕ್ರಮದ ಕಥೆ ಹೇಳುತ್ತ ಅತ್ತಿಂದಿತ್ತ ಓಡಾಡುತ್ತಿದ್ದಾನೆ. ಇನ್ನೊಬ್ಬ ಹೊಂಗೂದಲಿನ ಹುಡುಗ, ಮೇಜಿನ ಮುಂದೆ ಕುಳಿತು ಊರಿಗೆ ಪತ್ರ ಬರೆಯುತ್ತಿದ್ದಾನೆ. ಪತ್ರದ ಸಾಲು ಸಾಲಿನಲ್ಲೂ ಒಂದೇ ಹೆಸರು: ಪ್ರಿಸಿಲ್ಲಾ. ಕ್ಯಾಪ್ಟನ್‌ಗೆ ಅದು ಗೊತ್ತಿಲ್ಲ. ಅವನು ಜೂಲಿಯಸ್ ಸೀಸರನ ಯುದ್ಧಕಥನವನ್ನು ತೆರೆದು, ಸೋಲುವ ಹಂತದಲ್ಲಿದ್ದ ಸೈನ್ಯವನ್ನು ಸೀಸರ್ ಸ್ವತಃ ಗುರಾಣಿ ಹಿಡಿದು ನುಗ್ಗಿ ಹೇಗೆ ಗೆಲ್ಲಿಸಿದ ಎಂಬುದನ್ನು ಬಣ್ಣಿಸುತ್ತಾನೆ. ‘ನಾನು ಯಾವಾಗಲೂ ಹೇಳುವುದು ಇದನ್ನೇ. ಕೆಲಸ ಚೆನ್ನಾಗಿ ಆಗಬೇಕಾದರೆ ನಾವೇ ಮಾಡಬೇಕು, ಇನ್ನೊಬ್ಬರ ಕೈಗೆ ಕೊಡಬಾರದು’ ಎನ್ನುತ್ತಾನೆ.

ಹೀಗೆಂದವನು ಸ್ವಲ್ಪ ಹೊತ್ತಿಗೇ ಹುಡುಗನಿಗೆ ಒಂದು ಕೆಲಸ ಒಪ್ಪಿಸುತ್ತಾನೆ. ನನ್ನ ಹೆಂಡತಿ ತೀರಿಕೊಂಡಿದ್ದಾಳೆ, ಒಂಟಿತನ ಸಾಕಾಗಿದೆ, ಪ್ರಿಸಿಲ್ಲಾಳ ಬಳಿಗೆ ಹೋಗಿ ನನ್ನ ಪರವಾಗಿ ಹೆಣ್ಣು ಕೇಳಿ ಬಾ ಎನ್ನುತ್ತಾನೆ. ಹುಡುಗ ತಬ್ಬಿಬ್ಬಾಗಿ, ಆಗ ತಾನೇ ಕೇಳಿದ ಉಪದೇಶವನ್ನು ನೆನಪಿಸುತ್ತಾನೆ. ಅದಕ್ಕೆ ಕ್ಯಾಪ್ಟನ್ ಕೊಡುವ ಉತ್ತರ ಇಡೀ ಕಾವ್ಯದ ಅತ್ಯಂತ ಪ್ರಾಮಾಣಿಕ ಮಾತು. ಕೋಟೆಯ ಮುಂದೆ ಹೋಗಿ ಶರಣಾಗು ಎಂದು ಕೂಗಬಲ್ಲೆ. ಹೆಣ್ಣಿನ ಮುಂದೆ ಹೋಗಿ ಹೀಗೆ ಕೇಳುವ ಎದೆ ನನಗಿಲ್ಲ. ಗುಂಡಿಗೆ ಹೆದರುವವನಲ್ಲ, ಫಿರಂಗಿಗೂ ಹೆದರುವವನಲ್ಲ. ಆದರೆ ಹೆಣ್ಣಿನ ಬಾಯಿಂದ ನೇರವಾಗಿ ಸಿಡಿದು ಬರುವ ‘ಒಲ್ಲೆ’ಗೆ ಹೆದರುತ್ತೇನೆ, ಹಾಗೆ ಒಪ್ಪಿಕೊಳ್ಳಲು ನಾಚಿಕೆಯೂ ಇಲ್ಲ.

ಕ್ಯಾಪ್ಟನ್ ಮೈಲ್ಸ್ ಸ್ಟ್ಯಾಂಡಿಶ್. ಹುಡುಗ ಜಾನ್ ಆಲ್ಡನ್. ಕವಿ ಹೆನ್ರಿ ವಾಡ್ಸ್‌ವರ್ತ್ ಲಾಂಗ್‌ಫೆಲೋ. 1858ರಲ್ಲಿ ಪ್ರಕಟವಾದ ‘ಮೈಲ್ಸ್ ಸ್ಟ್ಯಾಂಡಿಶನ ಪ್ರಣಯಯಾಚನೆ’ ಎಂಬ ಒಂಬತ್ತು ಭಾಗಗಳ ಕಥನಕಾವ್ಯ ಇದು. ಮೇಫ್ಲವರ್ ಹಡಗಿನಲ್ಲಿ ಅಮೆರಿಕಕ್ಕೆ ಹೋದ ಪಿಲ್ಗ್ರಿಮರನ್ನು ಮೂರು ತಲೆಮಾರಿನ ಓದುಗರು ಇದರ ಮೂಲಕ, ಇದಕ್ಕೆ ಬರೆದ ಚಿತ್ರಗಳ ಮೂಲಕ ಕಂಡರು. ಧೈರ್ಯ ಎಂಬುದನ್ನು ಈ ಕವಿತೆ ಎಲ್ಲಿಟ್ಟಿದೆ, ಚಿತ್ರಕಾರರು ಎಲ್ಲಿಟ್ಟರು, ಅದು ನಿಜವಾಗಿ ಎಲ್ಲಿತ್ತು ಎನ್ನುವುದು ಇವತ್ತು ನನ್ನ ಪ್ರಶ್ನೆ. ಮೂರಕ್ಕೂ ಉತ್ತರ ಒಂದೇ ಅಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಕವಿತೆಯನ್ನು ಪಕ್ಕಕ್ಕಿಟ್ಟು ಮೊದಲು ಆ ಚಳಿಗಾಲವನ್ನು ನೋಡೋಣ. ಇಂಗ್ಲೆಂಡಿನ ಅಧಿಕೃತ ಚರ್ಚಿನಿಂದ ಹೊರಬಂದು ಹಾಲೆಂಡಿನ ಲೈಡನ್ನಿನಲ್ಲಿ ನೆಲೆಸಿದ್ದ ಭಕ್ತರ ಒಂದು ಗುಂಪು, ಜೊತೆಗೆ ಬದುಕು ಹುಡುಕಿ ಹೊರಟ ಬೇರೆ ಒಂದಷ್ಟು ಜನ. ಒಟ್ಟು 102 ಪ್ರಯಾಣಿಕರು 1620ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡ್ ಬಿಟ್ಟರು. ನವೆಂಬರಿನಲ್ಲಿ ಕೇಪ್ ಕಾಡ್ ತಲುಪಿದರು, ಡಿಸೆಂಬರಿನ ಹೊತ್ತಿಗೆ ಪ್ಲಿಮತ್ತಿಗೆ ಬಂದರು. ಮನೆ ಕಟ್ಟುವ ಕಾಲ ಅದಲ್ಲ. ವಸಂತ ಬರುವಷ್ಟರಲ್ಲಿ ಅರ್ಧದಷ್ಟು ಜನ ಸತ್ತಿದ್ದರು. ಬಂದಿದ್ದ ಗೃಹಿಣಿಯರಲ್ಲಿ 1621ರ ಸುಗ್ಗಿಯ ಹೊತ್ತಿಗೆ ಉಳಿದವರು ನಾಲ್ವರು ಮಾತ್ರ. ಅವರು ಇಳಿದ ಜಾಗವೂ ಖಾಲಿ ನೆಲವಲ್ಲ. ಅದು ವಾಂಪನೋಗ್ ಜನರ ಪಟುಕ್ಸೆಟ್ ಎಂಬ ಊರು. ಕೆಲವೇ ವರ್ಷಗಳ ಹಿಂದೆ ಸಾಂಕ್ರಾಮಿಕ ರೋಗವೊಂದು ಅದನ್ನು ಗುಡಿಸಿ ಹಾಕಿತ್ತು. ಸತ್ತವರ ಹೊಲಗಳಲ್ಲೇ ಇವರು ಬಿತ್ತಿದರು.

ಪ್ರಿಸಿಲ್ಲಾ ಮಲಿನ್ಸ್ ಕಾಲ್ಪನಿಕ ಹೆಣ್ಣಲ್ಲ. ಸರ್ರೆ ಪ್ರಾಂತದ ಡಾರ್ಕಿಂಗ್ ಊರಿನ ಚಪ್ಪಲಿ ವ್ಯಾಪಾರಿಯ ಮಗಳು. ತಂದೆ ವಿಲಿಯಂ ಹೊಸ ನಾಡಿನಲ್ಲಿ ಅಂಗಡಿ ಇಡುವ ಲೆಕ್ಕಾಚಾರದಿಂದ ಬೂಟು ಮತ್ತು ಪಾದರಕ್ಷೆಗಳ ದೊಡ್ಡ ದಾಸ್ತಾನನ್ನೇ ಹಡಗಿಗೆ ಏರಿಸಿದ್ದ. ಅವನು 1621ರ ಫೆಬ್ರವರಿ 21ರಂದು ಸತ್ತ. ತಾಯಿ ಸತ್ತಳು, ತಮ್ಮ ಸತ್ತ, ಮನೆಯ ಆಳೂ ಸತ್ತ. ಹದಿನೆಂಟರ ಆಸುಪಾಸಿನ ಹುಡುಗಿಯ ಪಾಲಿಗೆ ಉಳಿದದ್ದು ಒಂದು ರಾಶಿ ಪಾದರಕ್ಷೆ. ಸ್ಟ್ಯಾಂಡಿಶನ ಹೆಂಡತಿ ರೋಸ್ ಜನವರಿ 29ರಂದೇ ಹೋಗಿದ್ದಳು. ಆಲ್ಡನ್ ಪಿಲ್ಗ್ರಿಮರ ಬಳಗದವನೇ ಅಲ್ಲ. ಹಡಗಿನ ಪೀಪಾಯಿಗಳನ್ನು ನೋಡಿಕೊಳ್ಳಲು ಸೌತಾಂಪ್ಟನ್ನಿನಲ್ಲಿ ಸಂಬಳಕ್ಕೆ ಹಿಡಿದ ಕಸುಬುದಾರ. ಇರುವುದೂ ಹೋಗುವುದೂ ನಿನ್ನ ಇಷ್ಟ ಎಂದು ಅವನಿಗೆ ಹೇಳಲಾಗಿತ್ತು. ಅವನು ಉಳಿದುಕೊಂಡ, ಇಲ್ಲೇ ಮದುವೆಯಾದ ಎಂದು ಗವರ್ನರ್ ವಿಲಿಯಂ ಬ್ರ್ಯಾಡ್‌ಫರ್ಡ್ ಬರೆದಿಟ್ಟಿದ್ದಾನೆ. ಈ ಪೀಪಾಯಿ ಕಟ್ಟುವವನನ್ನು ಪುಸ್ತಕ ಓದಿದ ಪಂಡಿತನನ್ನಾಗಿ ಮಾಡಿದ್ದು ಲಾಂಗ್‌ಫೆಲೋ. ‘ನೀನು ಓದಿದವನು, ಪ್ರೇಮಿಗಳ ಮಾತು ನಿನಗೆ ಬರುತ್ತದೆ’ ಎಂದು ಕ್ಯಾಪ್ಟನ್ ಹೇಳಬೇಕಲ್ಲ, ಅದಕ್ಕೆ.

ಕಥೆ ಕವಿಯದ್ದಲ್ಲ. ಆಲ್ಡನ್ ವಂಶದ ಪಾದ್ರಿ ತಿಮೊಥಿ ಆಲ್ಡನ್ 1814ರಲ್ಲಿ ಪ್ರಕಟಿಸಿದ ಸಮಾಧಿ ಶಾಸನಗಳ ಸಂಗ್ರಹದಲ್ಲಿ ಮನೆತನದ ಕಥೆಯಾಗಿ ಇದನ್ನು ದಾಖಲಿಸಿದ್ದ. ಅದರಲ್ಲಿ ಆಲ್ಡನ್ ಮೊದಲು ಹುಡುಗಿಯ ತಂದೆಯ ಒಪ್ಪಿಗೆ ಕೇಳುತ್ತಾನೆ, ತಂದೆ ಮಗಳನ್ನು ಕರೆಯುತ್ತಾನೆ. ಈಗ ನಾನು ಹೇಳಿದ ತಾರೀಖುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ರೋಸ್ ತೀರಿಕೊಂಡಾಗಿನಿಂದ ಮಲಿನ್ಸ್ ತೀರಿಕೊಳ್ಳುವವರೆಗೆ ಮೂರು ವಾರ ಮತ್ತೆರಡು ದಿನ. ಒಮ್ಮೊಮ್ಮೆ ದಿನಕ್ಕೆ ಎರಡು ಮೂರು ಹೆಣ ಬೀಳುತ್ತಿದ್ದ ಆ ಮೂರು ವಾರಗಳಲ್ಲಿ ಹೆಣ್ಣು ಕೇಳುವ ಶಾಸ್ತ್ರ ನಡೆಯಿತು ಎಂದು ನಂಬುವುದು ನನ್ನಿಂದಾಗದು. ಲಾಂಗ್‌ಫೆಲೋ ಜಾಣ. ತಂದೆಯನ್ನು ಕೈಬಿಟ್ಟು, ಹುಡುಗಿಯನ್ನು ಅನಾಥಳನ್ನಾಗಿಯೇ ಇಟ್ಟು, ಪ್ರಸಂಗವನ್ನು ಮೇಫ್ಲವರ್ ಮರಳಿ ಹೊರಡುವ ಏಪ್ರಿಲಿಗೆ ಸರಿಸಿದ. ಅವನೂ ತಾಯಿಯ ಕಡೆಯಿಂದ ಆಲ್ಡನ್ ವಂಶದವನೇ. ಅಜ್ಜ ಅಜ್ಜಿಯ ಮದುವೆಯ ಕಥೆಯನ್ನು ಹೇಳುವವನ ಸಲುಗೆ ಸಾಲುಗಳಲ್ಲಿ ಕಾಣುತ್ತದೆ. ಇನ್ನೊಂದು ಅದೃಷ್ಟವೂ ಅವನಿಗಿತ್ತು. ಕಳೆದುಹೋಗಿತ್ತು ಎಂದುಕೊಂಡಿದ್ದ ಬ್ರ್ಯಾಡ್‌ಫರ್ಡನ ಹಸ್ತಪ್ರತಿ 1855ರಲ್ಲಿ ಲಂಡನ್ ಬಿಷಪ್ಪರ ಗ್ರಂಥಾಲಯದಲ್ಲಿ ಪತ್ತೆಯಾಗಿ, ಮರುವರ್ಷ ಬೋಸ್ಟನ್ನಿನಲ್ಲಿ ಅಚ್ಚಾಯಿತು. ಅದರ ಬೆನ್ನಿಗೇ ಈ ಕಾವ್ಯ ಬಂತು.

ಛಂದಸ್ಸಿನ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ, ಆಸಕ್ತಿ ಇಲ್ಲದವರು ಕ್ಷಮಿಸಿ. ಹೋಮರನ ಆರು ಗಣಗಳ ಉದ್ದ ಸಾಲನ್ನು ಇಂಗ್ಲಿಷಿಗೆ ತರುವ ಹಟ ಲಾಂಗ್‌ಫೆಲೋಗೆ 1847ರ ‘ಇವಾಂಜಲಿನ್’ ಕಾಲದಿಂದಲೂ ಇತ್ತು. ಮುಖ್ಯ ಗಣ ಗುರು-ಲಘು-ಲಘು, ನಮ್ಮ ಲೆಕ್ಕದ ಭಗಣ. ನಮ್ಮಲ್ಲಿ ಅದು ಮಾತ್ರೆಯ ಲೆಕ್ಕ, ಇಂಗ್ಲಿಷಿನಲ್ಲಿ ಒತ್ತಿನ ಲೆಕ್ಕ. ಗಂಭೀರ ಪ್ರಸಂಗಗಳಲ್ಲಿ ಈ ಸಾಲು ಕುಂಟುತ್ತದೆ ಎಂದು ಆಗಲೇ ಗೊಣಗಿದವರಿದ್ದರು, ಅದರಲ್ಲಿ ಹುರುಳಿದೆ. ಆದರೆ ಹಾಸ್ಯಕ್ಕೆ ಇದು ಹೇಳಿ ಮಾಡಿಸಿದ ಸಾಲು. ವೀರಕಾವ್ಯದ ಗತ್ತಿನಲ್ಲಿ ಒಬ್ಬ ಕುಳ್ಳ ಕ್ಯಾಪ್ಟನ್ ‘ನನಗೆ ಹೆಣ್ಣು ಕೇಳಲು ಭಯ’ ಎನ್ನುವಾಗ, ಛಂದಸ್ಸೇ ಮೀಸೆಯಡಿಯಲ್ಲಿ ನಗುತ್ತದೆ.

ಈಗ ಮೂರನೆಯ ಭಾಗಕ್ಕೆ ಬರೋಣ. ಆಲ್ಡನ್ ಕಾಡಿನ ದಾರಿಯಲ್ಲಿ ಮೇಫ್ಲವರ್ ಹೂಗಳನ್ನು ಕೊಯ್ಯುತ್ತ ಹೋಗುತ್ತಾನೆ. ಸ್ನೇಹಿತನ ಪರವಾಗಿ ಹೆಣ್ಣು ಕೇಳಲು ಹೊರಟವನ ಕೈಯಲ್ಲಿ ತನ್ನದೇ ಹೂ. ಮನೆಯೊಳಗಿಂದ ಕೀರ್ತನೆಯ ಧ್ವನಿ ಕೇಳುತ್ತದೆ. ಪ್ರಿಸಿಲ್ಲಾ ರಾಟೆಯ ಮುಂದೆ ಕುಳಿತಿದ್ದಾಳೆ. ಮೊಣಕಾಲ ಬಳಿ ಹಿಂಜಿದ ಉಣ್ಣೆ ಹಿಮದ ರಾಶಿಯ ಹಾಗೆ ಬಿದ್ದಿದೆ. ಕೈ ಹಸಿದ ಕದಿರಿಗೆ ಉಣ್ಣೆ ಉಣಿಸುತ್ತಿದೆ, ಕಾಲು ಹಲಗೆ ಒತ್ತುತ್ತಿದೆ, ತೊಡೆಯ ಮೇಲೆ ಪ್ರಾರ್ಥನಾಗೀತೆಗಳ ಪುಸ್ತಕ ತೆರೆದಿದೆ. ಆಲ್ಡನ್ ಏನೇನೋ ಹವಾಮಾನದ ಮಾತಾಡುತ್ತಾನೆ. ಅವಳು ಇಂಗ್ಲೆಂಡಿನ ತನ್ನೂರಿನ ಬೇಲಿಗಳನ್ನು, ಹಕ್ಕಿಗಳನ್ನು, ಬೀದಿಯ ಪರಿಚಿತ ಮುಖಗಳನ್ನು ನೆನೆಯುತ್ತ ಒಂಟಿತನ ಹೇಳಿಕೊಳ್ಳುತ್ತಾಳೆ. ಅಷ್ಟರಲ್ಲಿ ಇವನು ಯಾವ ಅಲಂಕಾರವೂ ಇಲ್ಲದೆ, ಶಾಲೆಯ ಹುಡುಗ ಪಾಠ ಒಪ್ಪಿಸುವ ಹಾಗೆ, ಕ್ಯಾಪ್ಟನ್ನನ ಸಂದೇಶವನ್ನು ಹೇಳಿ ಮುಗಿಸುತ್ತಾನೆ.

ಅವಳು ಮೊದಲು ಸುಮ್ಮನಾಗುತ್ತಾಳೆ. ಆಮೇಲೆ ಕೇಳುತ್ತಾಳೆ: ಅಷ್ಟು ಆತುರವಿದ್ದರೆ ಅವನೇ ಯಾಕೆ ಬರಲಿಲ್ಲ? ಬಂದು ಕೇಳುವಷ್ಟು ಬೆಲೆ ನನಗಿಲ್ಲ ಎಂದಾದರೆ ಗೆದ್ದುಕೊಳ್ಳುವಷ್ಟು ಬೆಲೆಯೂ ನನಗಿಲ್ಲ. ಆಲ್ಡನ್ ಸಮಜಾಯಿಷಿ ಹೇಳಲು ಹೋಗಿ ಇನ್ನೂ ಕೆಡಿಸುತ್ತಾನೆ. ಕ್ಯಾಪ್ಟನ್‌ಗೆ ಕೆಲಸ ಜಾಸ್ತಿ, ಇಂಥದ್ದಕ್ಕೆಲ್ಲ ಸಮಯವಿಲ್ಲ ಎನ್ನುತ್ತಾನೆ. ಅವಳು ಆ ‘ಇಂಥದ್ದಕ್ಕೆಲ್ಲ’ವನ್ನು ಹಿಡಿದುಕೊಳ್ಳುತ್ತಾಳೆ. ಮದುವೆಗೆ ಮುಂಚೆ ಸಮಯವಿಲ್ಲದವನಿಗೆ ಮದುವೆಯ ನಂತರ ಎಲ್ಲಿಂದ ಬರುತ್ತದೆ? ಈ ಪ್ರಶ್ನೆಗೆ ಸಭೆಯಲ್ಲಿ ಹೆಂಗಸರು ಮೊದಲು ನಗುತ್ತಾರೆ ಎಂಬುದನ್ನು ಗಮನಿಸಿದ್ದೇನೆ, ಇವತ್ತೂ ಹಾಗೇ ಆಯಿತು. ಆಲ್ಡನ್ ಬಿಡದೆ ಕ್ಯಾಪ್ಟನ್ನನ ಶೌರ್ಯ, ಮನೆತನ, ಒಳ್ಳೆಯತನಗಳನ್ನು ಹೊಗಳುತ್ತಾನೆ; ಹೊಗಳುತ್ತ ಹೊಗಳುತ್ತ ಮಾತಿಗೆ ಕಾವು ಬರುತ್ತದೆ. ಆಗ ಅವಳು ಕಣ್ಣಲ್ಲಿ ನಗು ತುಂಬಿಕೊಂಡು, ನಡುಗುವ ದನಿಯಲ್ಲಿ, ‘ನಿನ್ನ ಮಾತನ್ನು ನೀನೇ ಯಾಕೆ ಆಡಬಾರದು, ಜಾನ್?’ ಎನ್ನುತ್ತಾಳೆ.

ನಿಮ್ಮಲ್ಲಿ ಹಲವರಿಗೆ ಈಗಾಗಲೇ ನಳ ನೆನಪಾಗಿರಬೇಕು. ಕನಕದಾಸರ ‘ನಳಚರಿತ್ರೆ’ ಓದಿದವರಿಗೆ ಇದು ಪರಿಚಿತ ಇಕ್ಕಟ್ಟು. ಸ್ವಯಂವರಕ್ಕೆ ಹೊರಟ ನಳನನ್ನು ಇಂದ್ರಾದಿಗಳು ತಡೆದು, ನಮ್ಮ ಪರವಾಗಿ ದಮಯಂತಿಯನ್ನು ಕೇಳು ಎಂದು ದೂತನನ್ನಾಗಿ ಕಳಿಸುತ್ತಾರೆ. ಕೊಟ್ಟ ಮಾತಿಗೆ ಕಟ್ಟುಬಿದ್ದು, ತಾನೇ ಒಲಿದ ಹೆಣ್ಣಿನ ಮುಂದೆ ನಿಂತು ಅವನು ದೇವತೆಗಳ ಗುಣಗಾನ ಮಾಡಬೇಕು. ಎರಡು ಕಥೆಗಳಿಗೂ ನಂಟೇನಿಲ್ಲ, ಆದರೆ ವ್ಯತ್ಯಾಸವನ್ನು ನೋಡುವುದು ಚೆಂದ. ದಮಯಂತಿ ದೂತನಿಗೆ ಅಪವಾದ ಬಾರದ ದಾರಿ ಹುಡುಕುತ್ತಾಳೆ: ತುಂಬಿದ ಸಭೆಯಲ್ಲಿ, ದೇವತೆಗಳ ಎದುರಲ್ಲೇ ನಿನ್ನನ್ನು ವರಿಸುತ್ತೇನೆ, ಆಗ ತಪ್ಪು ನಿನ್ನದಲ್ಲ ಎನ್ನುತ್ತಾಳೆ. ಪ್ರಿಸಿಲ್ಲಾಳಿಗೆ ಸ್ವಯಂವರದ ಮಂಟಪವಿಲ್ಲ, ಹಿಂದೆ ನಿಲ್ಲಲು ತಂದೆ ತಾಯಿಯಿಲ್ಲ. ಅವಳ ಬಳಿ ಇರುವುದು ಒಂದು ಪ್ರಶ್ನೆ. ಅದನ್ನು ಕೇಳಿಬಿಟ್ಟ ಮೇಲೆ ಹಿಂತೆಗೆದುಕೊಳ್ಳುವಂತಿಲ್ಲ. ಹುಡುಗ ಒಂದು ಮಾತೂ ಆಡದೆ ಎದ್ದು ಓಡಿಹೋಗಬಹುದು. ಓಡಿಯೇ ಹೋಗುತ್ತಾನೆ.

ಆರನೆಯ ಭಾಗದಲ್ಲಿ ಅವಳೇ ಮತ್ತೆ ಮಾತು ಶುರು ಮಾಡುತ್ತಾಳೆ. ತಾಳ್ಮೆಯಿಂದ, ಮೌನವಾಗಿ ಕಾಯುವುದು ಹೆಣ್ಣಿನ ಹಣೆಬರಹ. ಯಾರಾದರೂ ಮಾತಾಡಿಸುವವರೆಗೆ ಬಾಯಿಲ್ಲದ ದೆವ್ವದ ಹಾಗೆ ಇರಬೇಕು. ಅದಕ್ಕೇ ನೊಂದ ಎಷ್ಟೋ ಹೆಂಗಸರ ಒಳಬಾಳು ನೆಲದಡಿಯ ನದಿಯ ಹಾಗೆ, ಬಿಸಿಲು ಕಾಣದೆ, ಸದ್ದು ಕೇಳಿಸದೆ ಹರಿಯುತ್ತದೆ ಎಂಬ ಅರ್ಥದ ಸಾಲುಗಳು ಅಲ್ಲಿ ಬರುತ್ತವೆ. ಆಲ್ಡನ್ ತಕ್ಷಣ ಅಡ್ಡಬಂದು, ಹಾಗಲ್ಲ, ಹೆಂಗಸರು ಸ್ವರ್ಗದ ತೋಟಕ್ಕೆ ನೀರುಣಿಸುವ ನದಿಗಳು ಎಂದು ಹೊಗಳುತ್ತಾನೆ. ಅವಳಿಗೆ ಆ ಹೊಗಳಿಕೆ ರುಚಿಸುವುದಿಲ್ಲ. ನಾನು ಮನಸ್ಸು ಬಿಚ್ಚಿ ಆಡಿದ ಮಾತಿಗೆ ನೀನು ಸವಿನುಡಿಯ ಬಣ್ಣ ಬಳಿದು ತಿರುಗಿಸಿ ಕೊಡುತ್ತೀಯೆ ಎಂದು ನೇರವಾಗಿ ಹೇಳುತ್ತಾಳೆ. ಹಳೆಯ ಶೈಲಿಯ ಕವಿ ಎಂದು ನಾವು ಬದಿಗೆ ಸರಿಸಿದ ಲಾಂಗ್‌ಫೆಲೋ ಬರೆದದ್ದು ಇದು. ನನ್ನನ್ನು ಕೇಳಿದರೆ ಈ ಭಾಗಕ್ಕಾಗಿಯೇ ಕಾವ್ಯವನ್ನು ಓದಬೇಕು.

ಇನ್ನು ಚಿತ್ರಗಳು. ಪರದೆಯ ಮೇಲೆ ಮೊದಲು ಬರುವುದು ರಾಬರ್ಟ್ ವೀರ್ ಬರೆದು, 1843ರಲ್ಲಿ ವಾಷಿಂಗ್ಟನ್ನಿನ ಕ್ಯಾಪಿಟಲ್ ಭವನದ ಗುಮ್ಮಟದಡಿ ತೂಗುಹಾಕಿದ ದೊಡ್ಡ ವರ್ಣಚಿತ್ರ, ‘ಪಿಲ್ಗ್ರಿಮರ ನೌಕಾರೋಹಣ’. ಲೈಡನ್ನಿನ ಜನ ಹಡಗಿನ ಮೇಲೆ ಪ್ರಾರ್ಥಿಸುತ್ತಿದ್ದಾರೆ. ಸ್ಟ್ಯಾಂಡಿಶ್ ಕವಚ ತೊಟ್ಟಿದ್ದಾನೆ, ಪಕ್ಕದಲ್ಲಿ ರೋಸ್. ಕಾವ್ಯ ಇನ್ನೂ ಹುಟ್ಟಿಲ್ಲ. ಆದರೆ ಧೈರ್ಯ ಎಂದರೆ ಉಕ್ಕಿನ ಕವಚ ಎಂಬುದು ಆಗಲೇ ತೀರ್ಮಾನವಾಗಿದೆ. ಮುಂದಿನದು ಜಾರ್ಜ್ ಹೆನ್ರಿ ಬೌಟನ್ನನ 1867ರ ಚಿತ್ರ, ಚರ್ಚಿಗೆ ಹೊರಟ ಪಿಲ್ಗ್ರಿಮರು. ಎಲೆ ಉದುರಿದ ಮರಗಳ ನಡುವೆ ಹಿಮದಲ್ಲಿ ಒಂದು ಸಾಲು. ಹಿಂದೆ ಮುಂದೆ ಬಂದೂಕು ಹಿಡಿದ ಗಂಡಸರು, ನಡುವೆ ಪಾದ್ರಿ, ಹೆಂಗಸರು, ಮಕ್ಕಳು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿನಲ್ಲಿ ಅಮೆರಿಕದ ಮಕ್ಕಳು ನೋಡುತ್ತ ಬೆಳೆದದ್ದು ಇಂಥ ಚಿತ್ರಗಳನ್ನು. ಕಾಡಿನಲ್ಲಿ ಏನಿದೆ ಎಂದು ಬೌಟನ್ ತೋರಿಸುವುದಿಲ್ಲ. ಬಂದೂಕುಗಳನ್ನು ಕಂಡ ನಾವೇ ಅಲ್ಲೊಬ್ಬ ಶತ್ರುವನ್ನು ಕೂರಿಸಿಕೊಳ್ಳುತ್ತೇವೆ.

ಆ ಒಂದು ಪ್ರಶ್ನೆಯನ್ನು ಮೂರ್ತಿ ಮಾಡಿದವನು ಜಾನ್ ರೋಜರ್ಸ್. ಮಧ್ಯಮವರ್ಗದ ಮನೆಗಳ ಬೈಠಕ್‌ಖಾನೆಗೆಂದು ಪ್ಲಾಸ್ಟರಿನಲ್ಲಿ ಎರಕ ಹೊಯ್ದ ಸಣ್ಣ ಮೂರ್ತಿಗಳನ್ನು ಮಾರಿ ಹೆಸರಾದ ಶಿಲ್ಪಿ. 1885ರಲ್ಲಿ ಅವನು ಆಲ್ಡನ್ ಮತ್ತು ಪ್ರಿಸಿಲ್ಲಾಳ ಜೋಡಿ ಮೂರ್ತಿ ಮಾಡಿದ, ಅದಕ್ಕೆ ಅವಳ ಪ್ರಶ್ನೆಯನ್ನೇ ಹೆಸರಾಗಿಟ್ಟ. ನನಗೆ ಇದು ಇಷ್ಟ, ಯಾಕೆಂದರೆ ಇಲ್ಲಿ ಮಾತಾಡುತ್ತಿರುವವಳು ಅವಳು. ನಿಂತಿರುವ ಗಂಡಸು ಎಲ್ಲಿಗೆ ಹೋಗಲಿ ಎಂದು ತೋಚದವನ ಹಾಗೆ ನಿಂತಿದ್ದಾನೆ.

ಹೋವರ್ಡ್ ಚಾಂಡ್ಲರ್ ಕ್ರಿಸ್ಟಿ 1903ರ ಆವೃತ್ತಿಗೆ ಚಿತ್ರ ಬರೆಯುವ ಹೊತ್ತಿಗೆ ಪ್ರಿಸಿಲ್ಲಾ ಫ್ಯಾಷನ್ ಪತ್ರಿಕೆಯ ಹುಡುಗಿಯಾಗಿದ್ದಳು. ‘ಕ್ರಿಸ್ಟಿ ಗರ್ಲ್’ ಎಂಬುದು ಆ ಕಾಲದಲ್ಲಿ ಚೆಲುವಿನ ಅಳತೆಗೋಲು. ಮುಂದೆ ಮೊದಲ ಮಹಾಯುದ್ಧದ ಸೇನಾ ಭರ್ತಿಯ ಪೋಸ್ಟರುಗಳಲ್ಲಿ ನಗುತ್ತ ನಿಂತದ್ದೂ ಇದೇ ಮಾದರಿಯ ಹುಡುಗಿ. ನೋಡಲು ಚೆಂದ, ನಾನು ಇಲ್ಲವೆನ್ನುವುದಿಲ್ಲ. ಆದರೆ ಕೆಲವೇ ತಿಂಗಳ ಹಿಂದೆ ಮನೆಯವರನ್ನೆಲ್ಲ ಮಣ್ಣು ಮಾಡಿದ, ಅರೆಹೊಟ್ಟೆಯಲ್ಲಿ ಚಳಿಗಾಲ ಕಳೆದ ಹುಡುಗಿಯ ಕೆನ್ನೆ ಹಾಗೆ ಇರುವುದಿಲ್ಲ.

ಪಿಲ್ಗ್ರಿಮರು ಬಂದು 300 ವರ್ಷ ತುಂಬಿದ 1920ರಲ್ಲಿ ಎನ್. ಸಿ. ವೈಯತ್ ಚಿತ್ರಗಳಿರುವ ಆವೃತ್ತಿ ಹೊರಬಂತು. ‘ಟ್ರೆಷರ್ ಐಲ್ಯಾಂಡ್’ಗೆ ಚಿತ್ರ ಬರೆದು ಹುಡುಗರ ಕನಸುಗಳಿಗೆಲ್ಲ ಕಡಲ್ಗಳ್ಳರನ್ನು ಕಳಿಸಿದವನು ಇವನೇ. ಮ್ಯಾಸಚೂಸೆಟ್ಸ್ ರಾಜ್ಯದಲ್ಲೇ ಹುಟ್ಟಿದವನು. ಅವನ ಮನುಷ್ಯರಿಗೆ ತೂಕವಿದೆ. ಕಾಲೂರಿ ನಿಂತರೆ ನೆಲ ಒತ್ತುತ್ತದೆ ಅನ್ನಿಸುತ್ತದೆ. ಈ ವಸ್ತು ಅವನನ್ನು ಕೊನೆಯವರೆಗೂ ಬಿಡಲಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಜೀವವಿಮಾ ಕಂಪನಿಯ ಕಟ್ಟಡಕ್ಕೆ ಪಿಲ್ಗ್ರಿಮರ ಬದುಕಿನ ಭಿತ್ತಿಚಿತ್ರಗಳನ್ನು ಬರೆಯುತ್ತಿದ್ದಾಗಲೇ, 1945ರಲ್ಲಿ ರೈಲು ಹಳಿ ದಾಟುವಲ್ಲಿ ನಡೆದ ಅಪಘಾತದಲ್ಲಿ ಸತ್ತ. ಉಳಿದದ್ದನ್ನು ಮುಗಿಸಿದ್ದು ಮಗ ಆಂಡ್ರೂ ವೈಯತ್ ಮತ್ತು ಅಳಿಯ.

ಇಷ್ಟೆಲ್ಲ ನೋಡಿದ ಮೇಲೆ ಕಾಣದ ಒಂದು ಚಿತ್ರದ ಬಗ್ಗೆ ಹೇಳುತ್ತೇನೆ. ಆ ಚಳಿಗಾಲದ ಅತಿ ಕೆಟ್ಟ ದಿನಗಳಲ್ಲಿ ಎದ್ದು ಓಡಾಡುವ ಶಕ್ತಿಯಿದ್ದವರು ಆರೋ ಏಳೋ ಜನ ಮಾತ್ರ ಎಂದು ಬ್ರ್ಯಾಡ್‌ಫರ್ಡ್ ಬರೆಯುತ್ತಾನೆ. ಅವರು ಹಗಲೂ ರಾತ್ರಿ ಸೌದೆ ತಂದರು, ಬೆಂಕಿ ಹಾಕಿದರು, ಅಡುಗೆ ಮಾಡಿದರು, ಹಾಸಿಗೆ ಹಾಸಿದರು, ರೋಗಿಗಳ ಹೊಲಸಾದ ಬಟ್ಟೆಗಳನ್ನು ಒಗೆದರು, ಬಟ್ಟೆ ತೊಡಿಸಿದರು, ಬಿಚ್ಚಿದರು. ಸೂಕ್ಷ್ಮ ಮನಸ್ಸಿನವರು ಹೆಸರೆತ್ತಲೂ ಅಸಹ್ಯಪಡುವ ಕೆಲಸಗಳನ್ನು ಗೊಣಗದೆ ಮಾಡಿದರು. ಅವರಲ್ಲಿ ಇಬ್ಬರ ಹೆಸರನ್ನು ಮಾತ್ರ ಅವನು ಹೇಳುತ್ತಾನೆ. ಒಬ್ಬ ಸಭೆಯ ಹಿರಿಯ ವಿಲಿಯಂ ಬ್ರೂಸ್ಟರ್, ಇನ್ನೊಬ್ಬ ಕ್ಯಾಪ್ಟನ್ ಮೈಲ್ಸ್ ಸ್ಟ್ಯಾಂಡಿಶ್. ನನಗೆ ಆರೈಕೆ ಮಾಡಿದವರಲ್ಲಿ ಇವರೂ ಸೇರಿದ್ದಾರೆ, ಇವರ ಋಣ ನನ್ನ ಮೇಲಿದೆ ಎಂದು ಸೇರಿಸುತ್ತಾನೆ. ಕತ್ತಿಯ ಕ್ಯಾಪ್ಟನ್ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಇನ್ನೊಬ್ಬರ ಕೊಳಕು ಬಟ್ಟೆ ಒಗೆಯುವುದನ್ನು ನಾನು ನೋಡಿದ ಯಾವ ಚಿತ್ರಕಾರನೂ ಬರೆದಿಲ್ಲ. ಲಾಂಗ್‌ಫೆಲೋಗೆ ಇದು ಗೊತ್ತಿತ್ತು. ಆಲ್ಡನ್ನನ ಹೊಗಳಿಕೆಯ ನಡುವೆ, ಚಳಿಗಾಲದಲ್ಲಿ ಕ್ಯಾಪ್ಟನ್ ಹೆಂಗಸಿನಷ್ಟು ಮೃದುವಾದ ಕೈಯಿಂದ ರೋಗಿಗಳನ್ನು ನೋಡಿಕೊಂಡ ಎಂದು ಒಂದೂವರೆ ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಡುತ್ತಾನೆ.

ಚಿತ್ರಗಳಲ್ಲಿನ ಸಾಮಾನುಗಳ ಬಗ್ಗೆ ತಕರಾರು ಮಾಡುವುದು ಸುಲಭ, ಸ್ವಲ್ಪ ಮಾಡಿಯೇ ಬಿಡೋಣ. ಕಪ್ಪು ಬಟ್ಟೆ, ಟೋಪಿಗೆ ಬಕಲ್, ಇದೆಲ್ಲ ಹತ್ತೊಂಬತ್ತನೆಯ ಶತಮಾನದ ಅಲಂಕಾರ. ಬ್ರ್ಯಾಡ್‌ಫರ್ಡ್ ಸತ್ತಾಗ ಮಾಡಿದ ಆಸ್ತಿಪಟ್ಟಿಯಲ್ಲಿ ಕೆಂಪು ವೇಸ್ಟ್‌ಕೋಟ್ ಇದೆ. ಪ್ರಿಸಿಲ್ಲಾಳ ಮೊಣಕಾಲ ಬಳಿಯ ಉಣ್ಣೆಗೆ ಕುರಿ ಬೇಕಲ್ಲ? 1621ರ ಪ್ಲಿಮತ್ತಿನಲ್ಲಿ ಕುರಿಯೇ ಇರಲಿಲ್ಲ. ಕೊನೆಯ ಭಾಗದಲ್ಲಿ ಆಲ್ಡನ್ ಮದುಮಗಳನ್ನು ಬಿಳಿ ಹೋರಿಯ ಮೇಲೆ ಕೂರಿಸಿ ಮನೆಗೆ ಕರೆದೊಯ್ಯುತ್ತಾನೆ. ಮೂಗಿಗೆ ಕಬ್ಬಿಣದ ಬಳೆ, ಬೆನ್ನಿಗೆ ಕಡುಗೆಂಪು ಜೂಲು, ಮೇಲೊಂದು ದಿಂಬು. ನಮಗೆ ಇದು ಕಾರಹುಣ್ಣಿಮೆಯ ಎತ್ತಿನ ಹಾಗೆ ಕಂಡರೆ ಆಶ್ಚರ್ಯವಿಲ್ಲ. ಚಿತ್ರಕಾರರಿಗಂತೂ ಹಬ್ಬ. ಆದರೆ ಪ್ಲಿಮತ್ತಿಗೆ ಮೊದಲ ದನಗಳು, ಮೂರು ಕಡಸು ಮತ್ತು ಒಂದು ಹೋರಿ, ಬಂದದ್ದು 1624ರಲ್ಲಿ. ದನಗಳನ್ನು ಜನರಿಗೆ ಹಂಚಿದ್ದು 1627ರಲ್ಲಿ. ಇಂಗ್ಲಿಷ್ ಕವಯಿತ್ರಿ ಫೆಲಿಶಿಯಾ ಹೆಮನ್ಸ್ 1825ರಲ್ಲಿ ಬರೆದ ಪಿಲ್ಗ್ರಿಮರ ಪ್ರಸಿದ್ಧ ಕವಿತೆಯಲ್ಲಿ ಅಲೆಗಳು ಕಡಿದಾದ ಬಂಡೆಗಳ ತೀರಕ್ಕೆ ಅಪ್ಪಳಿಸುತ್ತವೆ. ಕೇಪ್ ಕಾಡ್ ಮರಳಿನ ತೀರ. ಆಕೆ ಅಮೆರಿಕಕ್ಕೆ ಹೋದವಳೇ ಅಲ್ಲ. ಆದರೂ ಅದೇ ಕವಿತೆಯಲ್ಲಿ, ಆ ಗುಂಪಿನೊಳಗೆ ‘ಹೆಣ್ಣಿನ ಅಂಜದ ಕಣ್ಣು’ ಇತ್ತು ಎಂಬ ಅರ್ಥದ ಮಾತಿದೆ. ಬಂಡೆ ಸುಳ್ಳಾದರೂ ಕಣ್ಣು ಸುಳ್ಳಲ್ಲ.

ಈ ಬಗೆಯ ತಪ್ಪುಗಳು ಯಾರಿಗೂ ಕೇಡು ಮಾಡುವುದಿಲ್ಲ. ಏಳನೆಯ ಭಾಗದ ತಪ್ಪು ಬೇರೆ ಜಾತಿಯದು. ಅವಮಾನಗೊಂಡ ಕ್ಯಾಪ್ಟನ್ ಸಿಟ್ಟಿನಲ್ಲಿ ಉತ್ತರಕ್ಕೆ ದಂಡಯಾತ್ರೆ ಹೊರಡುತ್ತಾನೆ. ಕಡಲು ಮತ್ತು ಕಾಡಿನ ನಡುವಿನ ಹುಲ್ಲುಗಾವಲಿನಲ್ಲಿ ಪೆಕ್ಸುವಾಟ್ ಮತ್ತು ವಿಟುವಾಮಟ್ ಎಂಬ ದೈತ್ಯಾಕಾರದ ಇಬ್ಬರು ಸ್ಥಳೀಯ ಯೋಧರು ಎದುರಾಗುತ್ತಾರೆ. ಕುಳ್ಳ ಎಂದು ಹಂಗಿಸುತ್ತಾರೆ, ಚಾಕು ಝಳಪಿಸುತ್ತಾರೆ. ಸ್ಟ್ಯಾಂಡಿಶ್ ಪೆಕ್ಸುವಾಟನ ಚಾಕುವನ್ನೇ ಕಿತ್ತುಕೊಂಡು ಅವನ ಎದೆಗೆ ಇಳಿಸುತ್ತಾನೆ. ಬಯಲಿನಲ್ಲಿ ಸಮಸಮ ಹೋರಾಟ, ಬಾಣಗಳ ಮಳೆ, ಬಂದೂಕಿನ ಸದ್ದು. ವೀರಕಾವ್ಯಕ್ಕೆ ಬೇಕಾದ್ದೆಲ್ಲ ಇದೆ.

1623ರ ಮಾರ್ಚಿನಲ್ಲಿ ನಡೆದದ್ದು ಹೀಗಲ್ಲ. ವೆಸ್ಸಗುಸೆಟ್ ಎಂಬಲ್ಲಿ ಇನ್ನೊಂದು ಇಂಗ್ಲಿಷ್ ವಸಾಹತು ಹಸಿವಿನಿಂದ ಕುಸಿದು, ಸ್ಥಳೀಯರ ಜೋಳಕ್ಕೆ ಕೈಹಾಕಿ ಹಗೆ ಕಟ್ಟಿಕೊಂಡಿತ್ತು. ದಾಳಿಯ ಸಂಚಿದೆ ಎಂಬ ಸುದ್ದಿ ಪ್ಲಿಮತ್ತಿಗೆ ಬಂತು. ಸ್ಟ್ಯಾಂಡಿಶ್ ಒಂದು ಸಣ್ಣ ತುಕಡಿಯೊಂದಿಗೆ ಅಲ್ಲಿಗೆ ಹೋದ. ಪೆಕ್ಸುವಾಟ್, ವಿಟುವಾಮಟ್ ಮತ್ತು ಅವರ ಕಡೆಯ ಇನ್ನಿಬ್ಬರು ಒಂದು ಕೋಣೆಯೊಳಗಿದ್ದಾಗ ಬಾಗಿಲು ಭದ್ರಪಡಿಸಿ, ಮೂವರನ್ನು ಚಾಕುಗಳಿಂದ ಕೊಲ್ಲಲಾಯಿತು; ನಾಲ್ಕನೆಯವನಾದ ಹುಡುಗನನ್ನು ಹಿಡಿದು ಗಲ್ಲಿಗೇರಿಸಲಾಯಿತು. ಇದನ್ನು ಬರೆದಿಟ್ಟವನು ಶತ್ರುವಲ್ಲ, ಪ್ಲಿಮತ್ತಿನ ಮುಂದಾಳುಗಳಲ್ಲೊಬ್ಬನಾದ ಎಡ್ವರ್ಡ್ ವಿನ್ಸ್ಲೋ. ಎಷ್ಟು ಗಾಯಗಳಾದರೂ ಅವರು ಸದ್ದು ಮಾಡದೆ ಕೊನೆಯುಸಿರಿನವರೆಗೂ ಸೆಣಸಿದರು ಎಂದು ಅವನೇ ಬೆರಗಾಗಿ ಬರೆಯುತ್ತಾನೆ. ಧೈರ್ಯವನ್ನು ಹುಡುಕುತ್ತ ಬಂದ ನಮಗೆ ಅದು ಆ ಕೋಣೆಯೊಳಗೂ ಸಿಗುತ್ತದೆ, ಆದರೆ ಚಿತ್ರಕಾರರು ಹುಡುಕಿದ ಕಡೆಯಲ್ಲಲ್ಲ. ಸುದ್ದಿ ಲೈಡನ್ನಿಗೆ ಮುಟ್ಟಿದಾಗ ಪಿಲ್ಗ್ರಿಮರ ಗುರು ಜಾನ್ ರಾಬಿನ್ಸನ್ ಆ ಡಿಸೆಂಬರಿನಲ್ಲಿ ಪತ್ರ ಬರೆದ: ಯಾರನ್ನಾದರೂ ಕೊಲ್ಲುವ ಮೊದಲು ಒಬ್ಬಿಬ್ಬರ ಮನಸ್ಸನ್ನು ತಿರುಗಿಸಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಕ್ಯಾಪ್ಟನ್ನನ ಮುಂಗೋಪದ ಬಗ್ಗೆಯೂ ಅದೇ ಪತ್ರದಲ್ಲಿ ಎಚ್ಚರಿಕೆಯ ಮಾತುಗಳಿವೆ.

ಬಾಗಿಲು ಹಾಕಿದ ಕೋಣೆಯನ್ನು ತೆರೆದ ಬಯಲನ್ನಾಗಿ ಬದಲಿಸಿದ್ದು ಲಾಂಗ್‌ಫೆಲೋ. ವಿನ್ಸ್ಲೋನ ವಿವರಗಳು ಕಾವ್ಯದಲ್ಲಿ ಎಷ್ಟು ನಿಖರವಾಗಿ ಬರುತ್ತವೆಂದರೆ, ಅವನು ಓದಿಯೇ ಬದಲಿಸಿದ್ದಾನೆ ಎನ್ನಲು ನನಗೆ ಸಂಕೋಚವಿಲ್ಲ. ಆದರೆ ಒಂದು ಕಡೆ ಅವನ ಆತ್ಮಸಾಕ್ಷಿ ಇಣುಕುತ್ತದೆ. ವಿಟುವಾಮಟನ ತಲೆಯನ್ನು ತಂದು ಪ್ಲಿಮತ್ತಿನ ಕೋಟೆಯ ಮೇಲೆ ನೆಡುತ್ತಾರೆ. ಅದೇ ಕಟ್ಟಡ ಅವರ ಚರ್ಚೂ ಹೌದು. ನೋಡಿದವರೆಲ್ಲ ದೇವರನ್ನು ಸ್ತುತಿಸುತ್ತಾರೆ. ಪ್ರಿಸಿಲ್ಲಾ ಒಬ್ಬಳೇ ಮುಖ ತಿರುಗಿಸುತ್ತಾಳೆ, ಸದ್ಯ ನಾನು ಅವನನ್ನು ಮದುವೆಯಾಗಲಿಲ್ಲ ಎಂದು ಮನಸ್ಸಿನಲ್ಲೇ ದೇವರಿಗೆ ಕೈಮುಗಿಯುತ್ತಾಳೆ. ಊರು ಯಾವುದನ್ನು ಶೌರ್ಯ ಎನ್ನುತ್ತದೋ ಅದರಿಂದ ಮುಖ ತಿರುಗಿಸುವ ಹೆಣ್ಣನ್ನು, ಅದೂ 1858ರಲ್ಲಿ, ಈ ಕವಿ ಬರೆದ. ಅಚ್ಚಿನಲ್ಲಿ ನೋಡಿದ ಚಿತ್ರಗಳಲ್ಲಿ ರಾಟೆಯ ಪ್ರಿಸಿಲ್ಲಾ, ಹೋರಿಯ ಮೇಲಿನ ಪ್ರಿಸಿಲ್ಲಾ ನನಗೆ ಎಷ್ಟೋ ಸಲ ಸಿಕ್ಕಿದ್ದಾಳೆ. ಕೋಟೆಯ ಕೆಳಗೆ ಮುಖ ತಿರುಗಿಸಿ ನಿಂತ ಪ್ರಿಸಿಲ್ಲಾ ಸಿಕ್ಕಿಲ್ಲ.

ತಲೆ ಕೋಟೆಯ ಮೇಲಿದ್ದಾಗಲೇ ಊರಿನಲ್ಲಿ ಒಂದು ದೊಡ್ಡ ಮದುವೆಯೂ ನಡೆಯಿತು. 1623ರ ಆಗಸ್ಟಿನಲ್ಲಿ ವಿಧುರ ಗವರ್ನರ್ ಬ್ರ್ಯಾಡ್‌ಫರ್ಡ್, ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದಿಳಿದ ವಿಧವೆ ಆಲಿಸ್ ಸೌತ್‌ವರ್ತಳನ್ನು ಮದುವೆಯಾದ. ವಾಂಪನೋಗ್ ನಾಯಕ ಮಸಾಸೊಯಿಟ್ ಹೆಂಡತಿ ಮತ್ತು ನೂರಕ್ಕೂ ಹೆಚ್ಚು ಜನರೊಂದಿಗೆ ಜಿಂಕೆಗಳನ್ನು ಉಡುಗೊರೆ ತಂದ. ಅತಿಥಿಯಾಗಿದ್ದ ಎಮಾನ್ಯುಯೆಲ್ ಆಲ್ತಮ್ ಊರಿಗೆ ಬರೆದ ಪತ್ರದಲ್ಲಿ ಮದುವೆಯ ಊಟವೂ ಇದೆ, ಕೋಟೆಯ ಮೇಲಿನ ತಲೆಯೂ ಇದೆ. ಅಲ್ಲಿನ ಪ್ರಣಯಗಳೆಲ್ಲ ಹೀಗೆಯೇ, ಸಾವಿನ ಮಗ್ಗುಲಲ್ಲಿ ನಡೆದಂಥವು. ಪ್ಲಿಮತ್ತಿನ ಮೊದಲ ಮದುವೆ 1621ರ ಮೇ 12ರಂದು ವಿನ್ಸ್ಲೋ ಮತ್ತು ಸುಸಾನಾ ವೈಟ್‌ಗೆ ಆಯಿತು. ಅವಳ ಗಂಡ ಫೆಬ್ರವರಿಯಲ್ಲಿ, ಅವನ ಹೆಂಡತಿ ಮಾರ್ಚಿನಲ್ಲಿ ತೀರಿಕೊಂಡಿದ್ದರು. ಏಳು ವಾರಗಳೊಳಗೆ ಮರುಮದುವೆ ಎಂದು ಹುಬ್ಬೇರಿಸುವ ಮುಂಚೆ, ಅವಳ ಕಂಕುಳಲ್ಲಿ ಹಡಗಿನ ಮೇಲೆ ಹುಟ್ಟಿದ ಕೂಸಿತ್ತು ಎನ್ನುವುದು ನೆನಪಿರಲಿ.

ಕಾವ್ಯದ ಕೊನೆಯಲ್ಲಿ ಸತ್ತನೆಂದುಕೊಂಡಿದ್ದ ಸ್ಟ್ಯಾಂಡಿಶ್ ಮದುವೆ ಮುಗಿದ ಕ್ಷಣಕ್ಕೆ ಕವಚ ತೊಟ್ಟು ಬಾಗಿಲಲ್ಲಿ ಪ್ರತ್ಯಕ್ಷನಾಗಿ, ಕೈ ಚಾಚಿ, ತಪ್ಪಾಯಿತು ಎನ್ನುತ್ತಾನೆ. ಕ್ರಿಸ್‌ಮಸ್ ಕಾಲದಲ್ಲಿ ಕೆಂಟ್ ಸೀಮೆಯಲ್ಲಿ ಚೆರಿ ಹಣ್ಣು ಕೊಯ್ಯಲು ಯಾರಿಗೂ ಸಾಧ್ಯವಿಲ್ಲ ಎಂದು ತನ್ನ ವಯಸ್ಸನ್ನು ತಾನೇ ಗೇಲಿ ಮಾಡಿಕೊಳ್ಳುತ್ತಾನೆ. ನಿಜವಾದ ಸ್ಟ್ಯಾಂಡಿಶ್ 1623ರಲ್ಲಿ ಹಡಗಿನಿಂದ ಇಳಿದ ಬಾರ್ಬರಾ ಎಂಬವಳನ್ನು ಮದುವೆಯಾದ. ಎರಡು ಮನೆಯವರೂ ಡಕ್ಸ್‌ಬರಿಯಲ್ಲಿ ನೆಲೆಸಿದರು. ಸ್ಟ್ಯಾಂಡಿಶ್ 1656ರಲ್ಲಿ ಸತ್ತ, ಆಲ್ಡನ್ 1687ರವರೆಗೆ ಬದುಕಿದ್ದ. ಸ್ಟ್ಯಾಂಡಿಶನ ಮಗ ಅಲೆಕ್ಸಾಂಡರ್ ಆಲ್ಡನ್ ದಂಪತಿಯ ಮಗಳು ಸಾರಾಳನ್ನು ಮದುವೆಯಾದ. ಆ ಹೆಣ್ಣು ಕೇಳಲು ಯಾರು ಹೋಗಿದ್ದರು ಎಂಬುದನ್ನು ಯಾರೂ ಬರೆದಿಟ್ಟಿಲ್ಲ. ಪ್ರಿಸಿಲ್ಲಾ ಹತ್ತು ಮಕ್ಕಳನ್ನು ಹೆತ್ತಳು. ಅವಳು ತನ್ನ ಕೈಯಿಂದ ಬರೆದ ಒಂದು ಸಾಲೂ ಉಳಿದಿಲ್ಲ.

ಕಾವ್ಯ ಓದಬೇಕೆನ್ನುವವರು ಮೊದಲಿನಿಂದ ಶುರು ಮಾಡಬೇಕಾಗಿಲ್ಲ. ಮೂರನೆಯ ಮತ್ತು ಆರನೆಯ ಭಾಗಗಳನ್ನು ಗಟ್ಟಿಯಾಗಿ ಓದಿ, ಸಾಧ್ಯವಾದರೆ ಇಬ್ಬರು ಕುಳಿತು ಪಾತ್ರ ಹಂಚಿಕೊಂಡು ಓದಿ. ಏಳನೆಯದಕ್ಕೆ ಬಂದಾಗ ವಿನ್ಸ್ಲೋ ಬರೆದ ಆ ಕೋಣೆಯ ಪುಟಗಳನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಎರಡೂ ಇಂಟರ್ನೆಟ್‌ನಲ್ಲಿ ಪುಕ್ಕಟೆಯಾಗಿ ಸಿಗುತ್ತವೆ.